ಮೂರನೇ ಮಹಡಿಯ ಕಂಬಗಳು

ಹಲ್ಲುಜ್ಜುತ್ತಾ ಡಿಸೈನರ್ ಹಳೆಯ ಲೆಕ್ಕದ ಹಾಳೆ ತಿರುವಿಹಾಕಿದ್ದೇ ತಪ್ಪಾಯಿತು. ಕಟ್ಟುತ್ತಿರುವ ಹೊಸ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಒಂದೊಂದು ಕಂಬಕ್ಕೂ ಹನ್ನೆರಡು ಕಬ್ಬಿಣದ ಕಂಬಿ ಬೇಕೆಂದು ಲೆಕ್ಕ ಹೇಳುತ್ತಿತ್ತು. ಕಳಿಸಿದ್ದ ನಕ್ಷೆಯಲ್ಲಿ ಇದ್ದದ್ದು ಎಂಟು. ಅದರ ಕೆಳಗೆ ಅವನದೇ ಸಹಿ.

ಡಿಸೈನರ್ ಸಾಹೇಬರ ಬಾಯಿಂದ ಬ್ರಷ್ಷು ಜಾರಿ ಬಿತ್ತು.

"ಏನ್ರೀ ಆಯ್ತು?" ಎಂದಳು ಹೆಂಡತಿ.

"ಕಟ್ಟಡ ಬೀಳುತ್ತೆ ಕಣೇ!"

"ಯಾವಾಗ?"

"ಗೊತ್ತಿಲ್ಲ."

"ಹಂಗಾದ್ರೆ ತಿಂಡಿ ತಿಂದ್ಕೊಂಡೇ ಹೋಗಿ."

ಅವನು ತಿಂಡಿ ತಟ್ಟೆ ಮುಟ್ಟಲಿಲ್ಲ. ಗುತ್ತಿಗೆದಾರನಿಗೆ ಫೋನ್ ಮಾಡಿದ. ವಿನ್ಯಾಸ, ನಿರ್ಮಾಣ ಎರಡನ್ನೂ ಆ ಗುತ್ತಿಗೆದಾರನೊಬ್ಬನೇ ವಹಿಸಿಕೊಂಡಿದ್ದ. ಡಿಸೈನರ್ ಅವನ ಕೈಕೆಳಗಿನ ಸಲಹೆಗಾರ. ನಕ್ಷೆ ಬರೆದುಕೊಡುವುದಷ್ಟೇ ಇವನ ಕೆಲಸ. ಸೈಟಿಗೆ ಬಂದು ಪರೀಕ್ಷಿಸಬೇಕೆಂಬ ಸಾಲನ್ನು ಗುತ್ತಿಗೆದಾರ ಒಪ್ಪಂದದಿಂದಲೇ ಹೊಡೆದುಹಾಕಿದ್ದ.

"ಕಂಬದ ಕಾಂಕ್ರೀಟ್ ಹತ್ತು ಗಂಟೆಗೆ," ಎಂದ ಗುತ್ತಿಗೆದಾರ. "ನೀವು ನಮ್ಮ ಕಡೆಯವ್ರು, ಮರೀಬೇಡಿ. ಆಸ್ಪತ್ರೆಯವ್ರ ಕಿವಿಗೆ ಬಿದ್ರೆ ನಿಮಗೂ ಕೆಲ್ಸ ಇಲ್ಲ, ನನಗೂ ಇಲ್ಲ. ಎಂಟು ಕಂಬಿ ಏನು ಕಮ್ಮೀನಾ? ಸುಮ್ನಿರಿ."

ಸುಮ್ಮನಿರುವುದು ಹೇಗೆ? ಕಣ್ಣು ಮುಚ್ಚಿದರೆ ಸಾಲು ಮಂಚಗಳು, ಮಂಚದ ಮೇಲೆ ಮಲಗಿದ ರೋಗಿಗಳು, ಮೇಲಿಂದ ಕುಸಿಯುವ ಛಾವಣಿ. ಓಡೋಡಿ ಸೈಟಿಗೆ ಹೊರಟ. ಹತ್ತಕ್ಕೆ ಐದು ನಿಮಿಷವಿರುವಾಗ ಏಣಿ ಹತ್ತಿ ಮೂರನೇ ಮಹಡಿ ಮುಟ್ಟಿದ. ಕಾಂಕ್ರೀಟ್ ಪೈಪು ಆಗಲೇ ಮೊದಲ ಕಂಬದ ಹಲಗೆ ಅಚ್ಚಿನ ಬಾಯಿಗೆ ಬಂದಿತ್ತು.

"ನಿಲ್ಸಿ!" ಎಂದವನೇ ಓಡಿಹೋಗಿ ಆ ಕಂಬವನ್ನು ತಬ್ಬಿಕೊಂಡ.

ಕೆಲಸದವರೆಲ್ಲ ಮುಖ ಮುಖ ನೋಡಿಕೊಂಡರು. ಗುತ್ತಿಗೆದಾರ ಬಂದು ಅವನ ಷರ್ಟು ಹಿಡಿದೆಳೆಯುತ್ತಾ, "ಬಿಡ್ರೀ, ಮೇಡಂ ಬರ್ತಿದಾರೆ!" ಎಂದು ಪಿಸುಗುಟ್ಟಿದ.

ಆಸ್ಪತ್ರೆಯ ಪರವಾಗಿ ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಮೇಡಂ ಬಂದೇಬಿಟ್ಟರು. "ಯಾರಿವರು? ಕಂಬ ಯಾಕೆ ಹಿಡ್ಕೊಂಡಿದಾರೆ?"

"ತಲೆ ಸುತ್ತಂತೆ, ಮೇಡಂ," ಎಂದ ಗುತ್ತಿಗೆದಾರ.

"ಸುಳ್ಳು!" ಡಿಸೈನರ್ ಕಂಬ ಬಿಡದೆ ಕೂಗಿದ. "ನಾನೇ ಈ ಕಟ್ಟಡದ ಡಿಸೈನರ್. ಹನ್ನೆರಡರ ಬದ್ಲು ಎಂಟು ಅಂತ ಬರೆದ್ಬಿಟ್ಟಿದೀನಿ. ತಪ್ಪು ನಂದೇ. ಏನು ಬೇಕಾದ್ರೂ ಮಾಡಿ, ಕಾಂಕ್ರೀಟ್ ಮಾತ್ರ ಹಾಕ್ಬೇಡಿ!"

ಮೇಡಂ ಹತ್ತಿರ ಬಂದರು. ಅಚ್ಚಿನಿಂದ ಮೇಲಕ್ಕೆ ಚಾಚಿದ್ದ ಕಂಬಿಗಳನ್ನು ಬೆರಳಿಟ್ಟು ಎಣಿಸಿದರು. ಇನ್ನೊಂದು ಸಲ ಎಣಿಸಿದರು.

"ಹನ್ನೆರಡಿದೆಯಲ್ರೀ!"

ಡಿಸೈನರ್ ಕೂಡ ಎಣಿಸಿದ. ನಿಜ. ಪಕ್ಕದ ಕಂಬದಲ್ಲೂ ಹನ್ನೆರಡು. ಕಂಬ ಬಿಟ್ಟು ಅಲ್ಲೇ ಕೂತ. ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಗುತ್ತಿಗೆದಾರನಂತೂ ತಾನೇ ಹೇಳಿ ಹಾಕಿಸಿದವನ ಹಾಗೆ ಎದೆಯುಬ್ಬಿಸಿದ.

ಕಂಬಿ ಕಟ್ಟಿದ ಮೇಸ್ತ್ರಿಯನ್ನು ಕರೆಸಿದರು. ಡಿಸೈನರ್ ಎದ್ದು ಅವನ ಎರಡೂ ಕೈ ಹಿಡಿದುಕೊಂಡ. "ನನ್ನ ಮಾನ ಉಳಿಸಿದೆ ಮಾರಾಯ! ನಕ್ಷೇಲಿ ತಪ್ಪಿದೆ ಅಂತ ಹೆಂಗೆ ಗೊತ್ತಾಯ್ತು?"

"ನಕ್ಷೆ ಯಾರು ನೋಡಿದ್ರು ಸಾರ್?" ಮೇಸ್ತ್ರಿ ನಾಚಿಕೊಂಡ. "ಇಪ್ಪತ್ತು ವರ್ಷದಿಂದ ನಾನು ಎಲ್ಲಾ ಕಂಬಕ್ಕೂ ಹನ್ನೆರಡೇ ಕಟ್ಟೋದು. ಇಲ್ಲೂ ಅಷ್ಟೇ, ಕೆಳಗಿನ ಮೂರು ಅಂತಸ್ತಲ್ಲೂ ಅಷ್ಟೇ."

ಡಿಸೈನರ್ ಅವನ ಕೈ ಬಿಟ್ಟುಬಿಟ್ಟ.

"ಏನಾಯ್ತು?" ಎಂದರು ಮೇಡಂ. "ಕೆಳಗಡೆ ಎಷ್ಟು ಬರೆದಿದ್ರಿ?"

"ಹದಿನಾರು," ಎಂದ ಡಿಸೈನರ್. "ಅದು ಸರಿಯಾಗೇ ಬರೆದಿದ್ದೆ."

ಎಲ್ಲರ ಕಣ್ಣೂ ಕಾಲ ಕೆಳಗಿನ ನೆಲದತ್ತ ಹೋಯಿತು. ಮೊದಲು ಗುತ್ತಿಗೆದಾರ, ಅವನ ಹಿಂದೆ ಮೇಡಂ, ಆಮೇಲೆ ಕೆಲಸದವರು, ಎಲ್ಲರೂ ತುದಿಗಾಲಲ್ಲಿ, ಒಬ್ಬೊಬ್ಬರಾಗಿ ಏಣಿಯ ಕಡೆ ನಡೆದರು.