ಬರೀ ಹೊಟ್ಟೆಯ ಕಾವಲು

ಕತ್ತಿ ಕತ್ತರಿ ಇರುವಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೆಲವರು ಕೇಳುತ್ತಾರೆ. ಆಸ್ಪತ್ರೆಗೂ ಊರಿನ ಜನರೇ ಬರುವುದರಿಂದ ನಗುವಂಥವೂ ನಡೆಯುತ್ತಲೇ ಇರುತ್ತವೆ. ಎಪ್ಪತ್ತರ ದಶಕದ ಕೊನೆಗೆ ಡಾಕ್ಟರಿಕೆ ಓದುತ್ತಿದ್ದ ನಾನು ಒಬ್ಬ ಸರ್ಜನ್ನರ ಹಿಂದೆ ಆಪರೇಷನ್ ಶಿಬಿರಗಳಿಗೆ ತಿರುಗುತ್ತಿದ್ದೆ. ಅದುವರೆಗೆ ನಾನು ಹೊಲಿದದ್ದು ದಿಂಬನ್ನು ಮಾತ್ರ. ಒಂದು ಹೊಲಿಗೆ ಹಾಕಲು ಬಿಡಿ ಎಂದು ಕೇಳಿಕೊಂಡೆ.

"ಪ್ರಜ್ಞೆ ತಪ್ಪಿಸೋ ಔಷಧಿ ಕೊಟ್ಟಾಗ ವಾಂತಿಯಾದ್ರೆ ಜೀವಕ್ಕೇ ಬರ್ತದೆ. ರೋಗೀನ ಬರೀ ಹೊಟ್ಟೇಲಿ ಟೇಬಲ್ ಮೇಲೆ ತಂದು ಮಲಗಿಸು. ಆವತ್ತಿನ ಹೊಲಿಗೆ ನಿಂದು" ಎಂದರು.

ಚನ್ನಗಿರಿಯಲ್ಲಿ

ಹರ್ನಿಯಾ ಆಗಿದ್ದ ಅಡಿಕೆ ವ್ಯಾಪಾರಿ.

"ಏನಾದ್ರೂ ತಿಂದ್ರಾ?"

"ಏನೂ ಇಲ್ರಿ. ನೀರೂ ಮುಟ್ಟಿಲ್ಲ."

ಮಂಚದ ಕೆಳಗೆ ಪಾಯಸ ಅಂಟಿದ ಬೋಗುಣಿ ಕಂಡಿತು. "ಇದು?"

"ಅದು ಪ್ರಸಾದ. ಆಪರೇಷನ್ ಚೆನ್ನಾಗಿ ಆಗ್ಲಿ ಅಂತ ನಮ್ಮಾಕೆ ಪೂಜೆ ಮಾಡಿಸಿ ತಂದಿದ್ಲು."

"ಬೋಗುಣಿ ತುಂಬಾನಾ?"

"ಪ್ರಸಾದ ಉಳಿಸಬಾರದಲ್ರೀ. ವಿಭೂತಿ ಹಚ್ಚಿದೋರು ನೀವು, ನಿಮಗೆ ಹೇಳಬೇಕಾ?"

ಹೇಳಬೇಕಾಗಿರಲಿಲ್ಲ. ಆಪರೇಷನ್ ಮುಂದಿನ ಶಿಬಿರಕ್ಕೆ ಹೋಯಿತು.

ಹೊನ್ನಾಳಿಯಲ್ಲಿ

ಈ ಸಲ ವಾರ್ಡಿನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಗೋವಿನಕೋವಿಯಿಂದ ರೋಗಿಯ ತಾಯಿ, ಅಕ್ಕ ಬುತ್ತಿ ಹಿಡಿದು ಬಂದರು. ರೋಗಿಗೆ ಕೊಡಬಾರದು ಎಂದೆ.

"ಅವನಿಗ್ಯಾಕೆ ಕೊಡಾನ? ನೀವು ತಗಳ್ರಿ, ಬೆಳಿಗ್ಗಿಂದ ಕಾಯ್ತಾ ಕುಂತೀರಿ" ಎಂದು ಅಕ್ಕ ಜಗಲಿಯಲ್ಲಿ ಎಲೆ ಹಾಸಿದಳು. ರೊಟ್ಟಿ, ಶೇಂಗಾ ಚಟ್ನಿ. ಬೇಡವೆಂದರೆ ನೊಂದುಕೊಳ್ಳುತ್ತಾರೆ. ನಾನು ಎರಡನೇ ರೊಟ್ಟಿ ಮುರಿಯುವಾಗ ಒಳಗೆ ತಾಯಿ ಮಗನಿಗೆ ಮೂರನೆಯದು ಬಡಿಸುತ್ತಿದ್ದಳು.

"ಏನಮ್ಮಾ ಇದು?"

"ಹಸಿದ ಹೊಟ್ಟೇಲಿ ಮಗನ್ನ ಕತ್ತಿ ಕೆಳಗೆ ಕಳಿಸಾಕೆ ಆಗತೈತೇನಪ್ಪ?"

ಸರ್ಜನ್ನರು ಬಂದು ರೋಗಿಯನ್ನೂ ಮೂಸಿದರು, ನನ್ನನ್ನೂ ಮೂಸಿದರು. "ಚಟ್ನಿಗೆ ಬೆಳ್ಳುಳ್ಳಿ ಜಾಸ್ತಿ ಆಗೈತೆ" ಎಂದಷ್ಟೇ ಹೇಳಿದರು.

ಜಗಳೂರಿನಲ್ಲಿ

ಇದು ಅವರ ಜೊತೆ ನನ್ನ ಕೊನೆಯ ಶಿಬಿರ. ಹೊಲಿಗೆ ಸಿಕ್ಕರೆ ಇಲ್ಲೇ ಸಿಗಬೇಕು. ಸೋಮವಾರ ಬೇರೆ. ಹೊಲಿಗೆ ಹಾಕುವವರೆಗೆ ನೀರೂ ಕುಡಿಯುವುದಿಲ್ಲ ಎಂದು ದೇವರ ಮುಂದೆ ಹೇಳಿಕೊಂಡು ಬಂದೆ.

ರೋಗಿ ಕುರಿ ಕಾಯುವ ಮುದುಕ. ನೆಂಟರನ್ನು ಗೇಟಿನಾಚೆ ನಿಲ್ಲಿಸಿ, ಬೆಳಗಿನಿಂದ ಅವನ ಮಗ್ಗುಲು ಬಿಟ್ಟು ಕದಲಲಿಲ್ಲ. ನಾನೇ ಕೈಹಿಡಿದು ಟೇಬಲ್ ಮೇಲೆ ಮಲಗಿಸಿ, ಕೈ ತೊಳೆದು ಬಂದೆ. ಸರ್ಜನ್ನರು ಸೂಜಿ ದಾರ ತೋರಿಸಿ, "ಇವತ್ತು ನಿಂದಪ್ಪ" ಎಂದರು.

ದೊಡ್ಡ ದೀಪ ಹಾಕಿದರು. ಸೆಕೆ, ಸ್ಪಿರಿಟ್ಟಿನ ವಾಸನೆ. ಕಣ್ಣಿಗೆ ಕತ್ತಲೆ ಬಂದದ್ದು ಗೊತ್ತು, ಬಿದ್ದದ್ದು ಗೊತ್ತಿಲ್ಲ.

ಎಚ್ಚರವಾದಾಗ ನಾನು ನೆಲದ ಮೇಲೆ, ತಲೆ ಮುದುಕನ ತೊಡೆಯ ಮೇಲೆ. ಅವನು ಟೇಬಲ್ಲಿನಿಂದ ಇಳಿದು ಬಂದು, ಸೊಂಟದ ಸಂಚಿ ಬಿಚ್ಚಿ ನನ್ನ ಬಾಯಿಗೆ ಬೆಲ್ಲ ಕೊಬ್ಬರಿ ಇಡುತ್ತಿದ್ದ.

"ತಿನ್ನು ತಮ್ಮಾ. ಬರೀ ಹೊಟ್ಟೇಲಿ ಇರಬಾರದು. ನೀನು ಕೈ ತೊಳೆಯಾಕೆ ಹೋದಾಗ ನಾನೂ ಇದನ್ನೇ ತಿಂದೆ. ನೋಡು, ಹೆಂಗೆ ಗಟ್ಟಿಯಾಗಿದೀನಿ."

ಸರ್ಜನ್ನರು ನಿಧಾನವಾಗಿ ಕೈಗವಸು ಕಳಚಿದರು.

"ಇಷ್ಟೂ ಶಿಬಿರದಲ್ಲಿ ಬರೀ ಹೊಟ್ಟೇಲಿ ಬಂದೋನು ನೀನೊಬ್ಬನೇ" ಎಂದು ನನ್ನನ್ನು ನೋಡಿದರು. "ಟೇಬಲ್ ಖಾಲಿ ಐತೆ. ಹತ್ತಿ ಮಲಗು."