ಪಕ್ಕದ ಮನೆಯ ಗೋದಲಿ

ಪೋಸ್ಟ್‌ಮ್ಯಾನ್ ಅಂದು ರಜೆ ಹಾಕಿದ್ದೇ ಹಸುವಿಗೆ ಊಟ ಮಾಡಿಸುವುದಕ್ಕೆ.

ಎರಡು ತಿಂಗಳ ಹಿಂದೆ, ಕಾಳಲ್ಲಿನ್ನೂ ಹಾಲಿದ್ದ ಮೆಕ್ಕೆಜೋಳವನ್ನು ತೆನೆ ಸಮೇತ ಕೊಚ್ಚಿ, ಗುಂಡಿಗೆ ತುಳಿದು ತುಂಬಿ, ಗಾಳಿಯಾಡದಂತೆ ಮುಚ್ಚಿಟ್ಟಿದ್ದ. ಹಸಿರು ಸಿಗದ ಕಾಲಕ್ಕೆ ರಸಮೇವು. ಅಂದು ಬೆಳಗ್ಗೆ ಗುಂಡಿ ತೆಗೆದದ್ದೇ ತಡ, ಹುಳಿ ವಾಸನೆ ಅಡುಗೆಮನೆವರೆಗೂ ಹೋಗಿ ಹೆಂಡತಿಯನ್ನು ಕರೆತಂದಿತು. ಹಸು ಒಮ್ಮೆ ಮೂಸಿ, ಮಾತುಬಿಟ್ಟ ನೆಂಟರಂತೆ ಮುಖ ತಿರುಗಿಸಿತು.

"ತಿನ್ನೋ ತೆನೆ ಹೂತು ಕೊಳೆಸಿದ್ರಲ್ರೀ! ಸಂಜೆಯೊಳಗೆ ಅದು ಬಾಯಿ ಹಾಕದಿದ್ರೆ, ನಾಳೆ ಹಸು ನಮ್ಮಣ್ಣನ ಮನೆಗೆ."

"ಕೊಳೆತಿಲ್ಲ ಕಣೇ, ಹದ ಬಂದಿದೆ!"

ಬೇಲಿಯಾಚೆ ಹೊಲಿಗೆ ಯಂತ್ರ ನಿಂತಿತು. "ಭಾವ, ಯಾರ ಮನೇಲಿ ಏನು ಸತ್ತಿದೆ?" ಪಕ್ಕದ ಮನೆಯ ಟೈಲರ್ ಮೂಗು ಮುಚ್ಚಿಕೊಂಡೇ ಕೇಳಿದ. ನೆಂಟನೇನಲ್ಲ, ಬಾಯಿಮಾತಿಗಷ್ಟೇ ಭಾವ.

ಪೋಸ್ಟ್‌ಮ್ಯಾನ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ಬೆಲ್ಲದ ನೀರು ಚಿಮುಕಿಸಿದ. ಹಸು ಬೆಲ್ಲವನ್ನಷ್ಟೇ ನೆಕ್ಕಿತು. ಒಣಹುಲ್ಲಿನಡಿ ಬಚ್ಚಿಟ್ಟ, ಹುಲ್ಲು ಮಾತ್ರ ಖಾಲಿಯಾಯಿತು. ನಾಲ್ಕು ಹೊಟ್ಟೆ ಕೊಟ್ಟ ದೇವರು ಮೂಗೊಂದನ್ನು ತುಸು ಮೊಂಡು ಮಾಡಬಾರದಿತ್ತೆ! ಕೊನೆಗೆ ತಾನೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಹಸುವಿನ ಮುಂದೆ ಚಪ್ಪರಿಸಿ ತೋರಿಸಿದ.

"ಅಕ್ಕಾ, ಬೇಗ ಬನ್ನಿ! ಹಸು ತಿನ್ನದಿದ್ರೂ ಭಾವ ತಿಂತಿದ್ದಾರೆ!" ಬೇಲಿಯಾಚೆಯಿಂದ ಟೈಲರ್ ಕೂಗಿದ.

ಹೊತ್ತು ಇಳಿಯಿತು. ಹೆಂಡತಿ ಹೊಸ ಹಗ್ಗ ತಂದು ಜಗುಲಿಯ ಮೇಲಿಟ್ಟಳು. ಅದನ್ನು ಕಂಡದ್ದೇ ಪೋಸ್ಟ್‌ಮ್ಯಾನ್‌ನ ತಾಳ್ಮೆ ಹರಿಯಿತು. ಬುಟ್ಟಿಯನ್ನೆತ್ತಿ ಬೇಲಿಯಾಚೆಗೆ ಸುರಿದ. ಅದು ನೆಟ್ಟಗೆ ಟೈಲರನ ಗೋದಲಿಗೆ ಬಿತ್ತು.

ಟೈಲರನ ಬಡಕಲು ಹಸು ಮೂಸಲೂ ಇಲ್ಲ, ಗಬಗಬ ಮುಕ್ಕತೊಡಗಿತು. ಆ ಸದ್ದಿಗೆ ಇತ್ತ ಇವನ ಹಸು ಕಿವಿ ನಿಮಿರಿಸಿ, ಗೂಟ ಕಿತ್ತು, ಬೇಲಿ ನುಗ್ಗಿ, ಅದೇ ಗೋದಲಿಗೆ ಮೂತಿ ಇಟ್ಟಿತು.

"ತಿಂತಿದೆ ಕಣೇ, ತಿಂತಿದೆ!"

ಎಳೆದು ತಂದು ಅದೇ ಮೇವನ್ನು ಮನೆಯ ಗೋದಲಿಗೆ ಹಾಕಿದ. ಮತ್ತೆ ಅದೇ ಮುಖ ತಿರುವು. ಬಿಟ್ಟ, ಓಡಿತು. ಮತ್ತೆ ಎಳೆದ, ಮತ್ತೆ ಓಡಿತು.

ಬೆಳಗಿಂದ ಮುಚ್ಚಿದ್ದ ಮೂಗನ್ನು ಟೈಲರ್ ಈಗ ಬಿಟ್ಟ. "ಎಂಥ ಘಮ ಭಾವ! ಪಾಪ, ಮೂಕಪ್ರಾಣಿ. ಜೊತೆ ಬೇಕು ಅದಕ್ಕೆ. ದಿನಾ ಇಲ್ಲೇ ತಂದ್ಹಾಕಿ. ನಮ್ಮದಕ್ಕೂ ಸೇರಿಸಿ ತನ್ನಿ, ಇಲ್ದಿದ್ರೆ ನಿಮ್ಮ ಹಸೂನ ಹಾಯುತ್ತೆ."

ಪೋಸ್ಟ್‌ಮ್ಯಾನ್ ಬುಟ್ಟಿ ಹೊತ್ತು ಹೆಂಡತಿಯತ್ತ ತಿರುಗಿ ಹೆಮ್ಮೆಯಿಂದ ಹೇಳಿದ: "ನೋಡಿದ್ಯಾ? ಹಸು ನಿಮ್ಮಣ್ಣನ ಮನೆಗೆ ಹೋಗೋದು ತಪ್ಪಿತು!"

ಹೆಂಡತಿ ಹಗ್ಗ ಸುತ್ತಿಡುತ್ತ ನಿಟ್ಟುಸಿರು ಬಿಟ್ಟಳು.

"ಅಲ್ಲಿಗಾಗಿದ್ರೆ ಬರೀ ಹಸು ಹೋಗ್ತಿತ್ತು. ಇಲ್ಲಿ ಮೇವೂ ಹೋಯ್ತಲ್ರೀ!"