ಆಲೆಮನೆಯಲ್ಲಿ ನಾನಾಡಿದ ಕೊರಿಯನ್

ನನಗೆ ಕೊರಿಯನ್ ಭಾಷೆ ಚೆನ್ನಾಗಿ ಬರುತ್ತದೆ ಎಂಬ ವಿಷಯದಲ್ಲಿ ಎಂಟು ವರ್ಷಗಳ ಕಾಲ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನ ಹುಟ್ಟಿಸುವವರು ಯಾರಿದ್ದರು? ನಮ್ಮೂರು ಭಾರತೀನಗರದ ಹತ್ತಿರ, ಮದ್ದೂರು ಮಳವಳ್ಳಿ ರಸ್ತೆಯಿಂದ ಒಂದಿಷ್ಟು ಒಳಗೆ. ಅಲ್ಲಿ ಕಬ್ಬಿನ ಬಗ್ಗೆ ತಪ್ಪು ಹೇಳಿದರೆ ನಾಲ್ಕು ಜನ ತಿದ್ದುತ್ತಾರೆ. ಕೊರಿಯನ್ ತಪ್ಪಾದರೆ ತಿದ್ದುವವರು ಯಾರೂ ಇರಲಿಲ್ಲ.

ಎಂಟನೇ ಕ್ಲಾಸಿನಲ್ಲಿದ್ದಾಗ ಗೆಳತಿಯೊಬ್ಬಳು ತನ್ನ ಅಕ್ಕನ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಆರು ಜನ ಹುಡುಗರು. ಒಬ್ಬೊಬ್ಬರ ಕೂದಲೂ ಒಂದೊಂದು ಬಣ್ಣ. ಹಿಮ ಬೀಳುವ ಬೀದಿಯಲ್ಲಿ ಉದ್ದನೆಯ ಕರಿ ಕೋಟು ತೊಟ್ಟು, ಬಿಟ್ಟುಹೋದ ಯಾರನ್ನೋ ನೆನೆದು ಹಾಡುತ್ತಿದ್ದರು. ಎಡಗಡೆಯಿಂದ ಎರಡನೆಯವನು ಮೆಲ್ಲಗೆ ತಲೆಯೆತ್ತಿ ನನ್ನ ಕಡೆ ನೋಡಿದ. ನನ್ನ ಕಡೆಯೇ! ಅವತ್ತಿನಿಂದ ನಾನು ಮಂಡ್ಯ ಜಿಲ್ಲೆಯಲ್ಲಿ ವಾಸವಿದ್ದದ್ದು ದೇಹದಿಂದ ಮಾತ್ರ.

ಕಾಲೇಜಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿದರೆ ಸಾಕು, ಲೋಕವೇ ಬೇರೆಯಾಗುತ್ತಿತ್ತು. ಬೆಳಗಿನ ಮಂಜಿನಲ್ಲಿ ಕಬ್ಬಿನ ಗದ್ದೆಗಳು ನಿಧಾನವಾಗಿ ಹಿಂದೆ ಸರಿಯುತ್ತಿದ್ದವು. ಹೂಬಿಟ್ಟ ಕಬ್ಬಿನ ಬೆಳ್ಳನೆಯ ಗರಿ ಉದುರಿ ಗಾಳಿಯಲ್ಲಿ ತೇಲಿ ಬರುತ್ತಿತ್ತು. ಅದೇ ನನಗೆ ಹಿಮ. ನಾಲೆಯೇ ಸಿಯೋಲ್ ಪಟ್ಟಣದ ನದಿ. ಏರಿಯ ಮೇಲೆ ಕಂಬಳಿ ಹೊದ್ದು ನಡೆಯುವ ಮುದುಕರು ಕೂಡ ಉದ್ದ ಕೋಟಿನವರಂತೆ ಕಾಣುತ್ತಿದ್ದರು. ಹಾಡಿನ ಒಂದು ಮಾತೂ ಅರ್ಥವಾಗದೆ ಕಣ್ಣಲ್ಲಿ ನೀರು ತುಂಬುತ್ತಿತ್ತು. ಅಂಥ ಸುಖ ಆಮೇಲೆ ನನಗೆ ಅರ್ಥವಾದ ಯಾವ ಮಾತಿನಲ್ಲೂ ಸಿಕ್ಕಿಲ್ಲ.

"ಏನವ್ವ, ಮಳವಳ್ಳಿಗಂಟ ಓಗ್ಬುಡ್ತೀಯಾ?" ಎಂದು ಕಂಡಕ್ಟರ್ ಮೂರನೇ ಸಲ ಕೂಗಿದಾಗ ಕಾಲೇಜು ಎಂದೋ ದಾಟಿಹೋಗಿರುತ್ತಿತ್ತು.

ಬರೀ ಕೇಳಿದರೆ ಸಾಲದೆಂದು, ಪರದೆಯ ಕೆಳಗೆ ಬರುವ ಇಂಗ್ಲಿಷ್ ಅರ್ಥ ನೋಡಿಕೊಂಡು, ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರಗಳಲ್ಲೇ ಕೊರಿಯನ್ ಬರೆದುಕೊಳ್ಳತೊಡಗಿದೆ. ಬೊಗೊಶಿಪೊ ಎಂದರೆ ನಿನ್ನ ನೋಡುವಾಸೆ. ಕಾಜಿಮಾ ಎಂದರೆ ಹೋಗಬೇಡ. ಹೀಗೆ ವಿರಹಕ್ಕೆ ಸಂಬಂಧಪಟ್ಟ ಸಮಸ್ತ ಶಬ್ದಭಂಡಾರವೂ ನನ್ನ ಕೈವಶವಾಯಿತು. ಮನುಷ್ಯನಿಗೆ ಬೇರೆ ವಿಷಯಗಳಿಗೂ ಮಾತು ಬೇಕಾಗಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಡಿಗ್ರಿ ಮುಗಿಯಿತು. ಮೈಸೂರಿನಲ್ಲಿ ಕೊರಿಯನ್ ಕಲಿಸುವ ಒಂದು ವರ್ಷದ ಕೋರ್ಸು ಇದೆ, ಸೇರುತ್ತೇನೆ ಎಂದೆ. ಅಪ್ಪ ಆಲೆಮನೆ ನಡೆಸುವವನು. ಬೆಲ್ಲದ ಅಚ್ಚು ತೊಳೆಯುತ್ತಲೇ ತೀರ್ಪು ಕೊಟ್ಟ.

"ಬತ್ತದೆ ಅಂತೀಯ. ಬರೋ ಭಾಷೆ ಕಲಿಯಾಕೆ ಮೈಸೂರಿಗೆ ಯಾಕವ್ವ ಓಗ್ಬೇಕು? ಮಂಡ್ಯದಲ್ಲಿ ಬ್ಯಾಂಕ್ ಪರೀಕ್ಷೆಗೆ ಕೋಚಿಂಗ್ ಕೊಡ್ತಾರಂತೆ. ಅದುಕ್ಕೆ ಸೇರ್ಕೊ."

ನಾನು ಎರಡು ದಿನ ಉಪವಾಸ ಮಾಡಿದೆ. ಅಜ್ಜಿ ಸೆರಗಿನಲ್ಲಿ ಮುಚ್ಚಿ ತಂದುಕೊಟ್ಟ ಮುದ್ದೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅದು ಕಠಿಣ ಉಪವಾಸವೇ. ಮೂರನೇ ದಿನ ನಮ್ಮೂರಿನ ಸಿದ್ದರಾಜಣ್ಣ ಅಪ್ಪನಿಗೆ ಫೋನ್ ಮಾಡಿದ. ಅವನು ಬೆಂಗಳೂರಿನಲ್ಲಿ ಕಾರ್ ಡ್ರೈವರ್.

"ಅಣ್ಣ, ಭಾನುವಾರ ನಮ್ಮ ಸಾರ್‌ನ ಗಗನಚುಕ್ಕಿಗೆ ಕರ್ಕಂಡ್ ಬತ್ತಾ ಇವ್ನಿ. ಅವರು ಕೊರಿಯಾ ದೇಶದೋರು. ಬೆಲ್ಲ ಮಾಡೋದ್ನ ನೋಡ್ಬೇಕಂತೆ."

ಫೋನಿನ ಇನ್ನೊಂದು ಬದಿಗೆ ಕಿವಿ ಅಂಟಿಸಿದ್ದ ನನ್ನ ಮೈಯೆಲ್ಲ ಜುಮ್ಮೆಂದಿತು. ಕೊರಿಯಾ ನನ್ನನ್ನು ಹುಡುಕಿಕೊಂಡು ಬರುತ್ತಿದೆ!

ಅಪ್ಪ ನನ್ನ ಮುಖ ನೋಡಿದ. "ಸರಿ, ನೀನೇ ಮಾತಾಡ್ಸು. ಸೈ ಅನ್ನುಸ್ಕೊಂಡ್ರೆ ಮೈಸೂರು. ಇಲ್ದಿದ್ರೆ ಸೋಮವಾರದಿಂದ್ಲೇ ಮಂಡ್ಯದ ಬಸ್ಸು."

ಒಪ್ಪಿಕೊಂಡೆ. ನಾಳೆ ನಾಡಿದ್ದರಲ್ಲೇ ಸಿಯೋಲ್‌ಗೆ ಹೊರಡುವವಳಂತೆ ಮೂರು ದಿನ ಮೋಡದ ಮೇಲೆ ಓಡಾಡಿದೆ. ಅಪ್ಪ ಅಷ್ಟರಲ್ಲಿ ಊರಿಗೆಲ್ಲ ಸಾರಿದ್ದ.

ಭಾನುವಾರ ಆಲೆಮನೆಯ ಮುಂದೆ ಮೂವತ್ತು ಜನ. ಒಲೆಯ ಮೇಲೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೊತಕೊತ ಕುದಿಯುತ್ತಿತ್ತು. ಏಪ್ರಿಲ್ ಬಿಸಿಲು. ನಾನು, ಊಟಿಗೆ ಹೋಗುವಾಗ ಚಿಕ್ಕಮ್ಮ ಕೊಂಡಿದ್ದ ಕರಿಯ ಉಣ್ಣೆ ಕೋಟನ್ನು ಕತ್ತಿನವರೆಗೆ ಗುಂಡಿ ಹಾಕಿ ತೊಟ್ಟಿದ್ದೆ. ಹಾಡಿನಲ್ಲಿ ಎಲ್ಲರೂ ತೊಡುತ್ತಾರಲ್ಲ!

ಕಾರಿನಿಂದ ಇಳಿದವರು ಎಡಗಡೆಯಿಂದ ಎರಡನೆಯವನಂತೆ ಇರಲಿಲ್ಲ. ಸುಮಾರು ಅರವತ್ತರ ಹಿರಿಯರು. ಟೋಪಿ, ಕನ್ನಡಕ, ಸೌಮ್ಯ ಮುಖ. ಸಿದ್ದರಾಜಣ್ಣ ಜೇಬಿನಿಂದ ಫೋನ್ ತೆಗೆದು, "ಇದ್ರಲ್ಲಿ ಮಾತಾಡುದ್ರೆ ಅದೇ ಭಾಷೆ ಬದ್ಲಾಯಿಸ್ತದೆ ಕಣಣ್ಣ" ಎಂದ.

"ಮಡಗಲಾ ಅದ್ನ" ಎಂದ ಅಪ್ಪ. "ಮನೇಲಿ ಮಗಳಿರುವಾಗ ಮಿಷನ್ ಯಾತಕ್ಕೆ? ಅವ್ವ, ಕುಂತ್ಕೊಳಿ ಅನ್ನು ಅವರ್ಗೆ."

ನಾನು ಮುಂದೆ ಬಂದೆ. ಬಾಯಿ ತೆರೆದೆ. ಆಗ ಗೊತ್ತಾಯಿತು. ಎಂಟು ವರ್ಷ ಕೇಳಿದ ಸಾವಿರಾರು ಹಾಡುಗಳಲ್ಲಿ ಒಬ್ಬನಾದರೂ ಯಾರಿಗೂ ಕುಂತ್ಕೊ ಎಂದಿರಲಿಲ್ಲ! ಹೋಗದೆ ಇದ್ದವರು ಕೂರಲೇಬೇಕಲ್ಲ ಎಂದು ತರ್ಕಿಸಿ, ಹಾಡಿನಲ್ಲಿದ್ದಷ್ಟೇ ನೋವು ತುಂಬಿ ಹೇಳಿದೆ.

"ಕಾಜಿಮಾ..."

ಆಗತಾನೆ ಬಂದಿದ್ದ ಮನುಷ್ಯ ಬೆಚ್ಚಿ ಕಾರಿನ ಕಡೆ ನೋಡಿದರು. ಆಮೇಲೆ ಸುಮ್ಮನೆ ಹತ್ತಿರದ ಕುರ್ಚಿಯಲ್ಲಿ ಕೂತರು.

"ನೋಡ್ರಲಾ! ಕುಂತ್ರು!" ಅಪ್ಪನ ಎದೆ ಉಬ್ಬಿತು. "ಕಬ್ಬಿನಾಲು ಕುಡೀತಾರಾ ಕೇಳವ್ವ."

ಕುಡಿಯುವ ವಿಷಯ ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ನೀಡುತ್ತಾ, "ನೀನಿಲ್ಲದೆ ನಾ ಬದುಕಲಾರೆ" ಎಂದೆ, ಅಚ್ಚ ಕೊರಿಯನ್ನಿನಲ್ಲಿ. ಹಾಡುಗಳಲ್ಲಿ ಎಲ್ಲರೂ ನೀನು ತಾನೆ? ಅರವತ್ತರ ಹಿರಿಯರಿಗೂ ನೀನು ಎಂದೆ. ಅವರು ಲೋಟವನ್ನು ಕಸಿದುಕೊಂಡು ಗಟಗಟ ಕುಡಿದರು. ಭಯದಿಂದ ಇರಬೇಕು.

"ಕುಡುದ್ರು!" ಊರೇ ಚಪ್ಪಾಳೆ ತಟ್ಟಿತು. ನನ್ನ ಕಣ್ಣ ಮುಂದೆ ಮೈಸೂರಿನ ಕ್ಲಾಸು ತೇಲಿ ಬಂತು. ಉಣ್ಣೆ ಕೋಟಿನೊಳಗೆ ಬೆವರು ಕಾಲುವೆಯಾಗಿ ಹರಿಯುತ್ತಿತ್ತು.

ಆಮೇಲೆ ಆ ಹಿರಿಯರು ಎದ್ದು ಕೊಪ್ಪರಿಗೆಯ ಹತ್ತಿರ ಹೋದರು. ಅಪ್ಪ ಗಾಬರಿಯಾದ. "ಒಲೆತಾವ ಓಗ್ಬೇಡಿ, ಸುಡ್ತದೆ ಅನ್ನವ್ವ, ಬಿರ್‍ನೆ!"

ಸುಡುವುದು! ಇದು ನನಗೆ ಗೊತ್ತಿತ್ತು. ಒಲೆಯ ಕಡೆ ಬೆರಳು ತೋರಿಸಿ, ಇನ್ನೊಂದು ಕೈಯನ್ನು ಎದೆಯ ಮೇಲಿಟ್ಟು ಕೊರಿಯನ್ನಿನಲ್ಲಿ ಕೂಗಿದೆ. "ನನ್ನೆದೆ ಉರಿಯುತ್ತಿದೆ! ನಾನು ಸಾಯುತ್ತಿದ್ದೇನೆ!"

ಆ ಪುಣ್ಯಾತ್ಮರು ನನ್ನ ಬೆವರಿಳಿಯುವ ಮುಖ ನೋಡಿದರು. ಎದೆಯ ಮೇಲಿನ ಕೈ ನೋಡಿದರು. ಟೋಪಿ ಎಸೆದು ಓಡಿ ಬಂದು ನನ್ನ ಭುಜ ಹಿಡಿದು, "ಹಾಸ್ಪಿಟಲ್! ಹಾಸ್ಪಿಟಲ್!" ಎಂದು ಕಿರುಚಿದರು.

ಈ ಒಂದು ಮಾತು ಮಾತ್ರ ಊರಿಗೆಲ್ಲ ಅರ್ಥವಾಯಿತು. ಸಿದ್ದರಾಜಣ್ಣ ಕಾರ್ ಸ್ಟಾರ್ಟ್ ಮಾಡಿದ. ಅಪ್ಪ ನನ್ನನ್ನು ಮಗುವಿನಂತೆ ಎತ್ತಿಕೊಂಡ. "ನಂಗೇನೂ ಆಗಿಲ್ಲ, ಬುಡಪ್ಪ" ಎಂದು ನಾನು ಅಚ್ಚಗನ್ನಡದಲ್ಲಿ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ.

ಅಜ್ಜಿ ಅಡ್ಡ ಬಂದಳು. "ಇಳ್ಸಲಾ ಕೂಸ್ನ. ಆ ಕಂಬಳಿ ಕಿತ್ತಾಕಿ, ಎಲ್ಲಾ ಸರೋಯ್ತದೆ." ಕೋಟು ಕಿತ್ತು, ಮಜ್ಜಿಗೆ ಕುಡಿಸಿದಳು. ಎಲ್ಲಾ ಸರಿಹೋಯಿತು. ಆ ಹಿರಿಯರು ಮಾತ್ರ ಇನ್ನೂ ಕಾರಿನ ಬಾಗಿಲು ತೆರೆದು ಹಿಡಿದೇ ನಿಂತಿದ್ದರು. ಅವರನ್ನು ಸಮಾಧಾನ ಮಾಡಬೇಕೆನಿಸಿ ಅಜ್ಜಿ ಕಬ್ಬಿನ ಗರಿಯ ಮೇಲೆ ಒಂದು ಮುದ್ದೆ ಬಿಸಿ ಬೆಲ್ಲ ಹಿಡಿದಳು. ನಮ್ಮಜ್ಜಿಗೆ ಪ್ಯಾಂಟು ಹಾಕಿದ ಗಂಡಸರೆಲ್ಲ ಅಣ್ಣಯ್ಯ. ಬೆಲ್ಲ ಬೇಕೇನೋ ಎಂದು ಪ್ರೀತಿಯಿಂದ ಕೇಳಿದಳು.

"ಅಣ್ಣಯ್ಯಂಗ್ ಆಸೆಯೋ?"

ಅವರು ಸೆಟೆದು ನಿಂತರು. ಮುಖ ಅರಳಿತು. ಎರಡೂ ಕೈ ಪಕ್ಕಕ್ಕಿಟ್ಟು, ಸೊಂಟದವರೆಗೆ ಬಾಗಿ ಅವರೂ ಹೇಳಿದರು.

"ಅನ್ಯೊಂಗಾಸೆಯೊ!"

ಕೊರಿಯಾದಲ್ಲಿ ಹಿರಿಯರಿಗೆ ಮರ್ಯಾದೆಯಿಂದ ನಮಸ್ಕಾರ ಹೇಳುವುದು ಹಾಗೆ. ನನ್ನ ಪ್ರೇಮಗೀತೆಗಳಲ್ಲಿ ಯಾರೂ ಯಾರಿಗೂ ಮರ್ಯಾದೆ ಕೊಡದಿದ್ದರಿಂದ ಅದು ನನ್ನ ಬಾಯಿಗೇ ಬಂದಿರಲಿಲ್ಲ!

"ಅವ್ನಿಗೂ ಆಸೆಯಂತೆ ಕಣೇ" ಎಂದು ಅಜ್ಜಿ ಇನ್ನೊಂದು ಮುದ್ದೆ ಹಾಕಿದಳು. "ನಾ ಪೂರಿಗಾಲಿಯೋಳು. ನೀ?" ಕೊರಿಯನ್ನಿನಲ್ಲೂ ನಾ ಎಂದರೆ ನಾನು, ನೀ ಎಂದರೆ ನೀನು. ಅವರು ಎದೆ ಮುಟ್ಟಿಕೊಂಡು ತಮ್ಮೂರಿನ ಹೆಸರು ಹೇಳಿದರು. ಅಪ್ಪನತ್ತ ಬೆರಳು ಮಾಡಿ, ನನ್ನತ್ತ ನೋಡಿ, "ಅಪ್ಪಾ?" ಎಂದರು. "ಊಂ, ಅಪ್ಪ" ಎಂದಳು ಅಜ್ಜಿ. ಅಪ್ಪನಿಗೆ ಅಪ್ಪ ಎನ್ನುವ ದೇಶದಿಂದ ಬಂದವನ ಮೇಲೆ ಅವಳಿಗೆ ವಿಪರೀತ ಮಮತೆ ಹುಟ್ಟಿತು. ಅರ್ಧ ಗಂಟೆ ಇಬ್ಬರೂ ಮಾತಾಡಿದರು. ನಾನು ಮಜ್ಜಿಗೆ ಲೋಟ ಹಿಡಿದು ಕೇಳಿದೆ. ನಿಜ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯಿತು.

ಹೊರಡುವಾಗ ಅವರೇ ಫೋನ್ ತೆಗೆದು ಅದಕ್ಕೆ ಏನೋ ಹೇಳಿ ನಮ್ಮ ಮುಂದೆ ಹಿಡಿದರು. ಒಳಗಿನ ಹೆಂಗಸು ಪಠ್ಯಪುಸ್ತಕದ ಕನ್ನಡದಲ್ಲಿ ಘಂಟಾಘೋಷವಾಗಿ ನುಡಿದಳು.

"ಅಜ್ಜಿಯ ಉಚ್ಚಾರಣೆ ಬಹಳ ಸೊಗಸಾಗಿದೆ. ಈ ಹುಡುಗಿಯನ್ನು ತೊರೆದು ಹೋದ ಪ್ರಿಯಕರನು ಶೀಘ್ರವಾಗಿ ಹಿಂದಿರುಗಲಿ ಎಂದು ಹಾರೈಸುತ್ತೇನೆ."

ಕಾರು ಹೋಯಿತು.

ಅಪ್ಪ ನನ್ನ ಕಡೆ ತಿರುಗಿದ. "ಯಾವನವ್ವ ಅವ್ನು?"

"ಯಾರೂ ಇಲ್ಲಪ್ಪ! ನಾನು ಹೇಳಿದ್ದೆಲ್ಲ ಹಾಡು."

"ಕುಂತ್ಕೊ ಅಂದದ್ದು?"

"ಹಾಡು."

"ಕುಡೀರಿ ಅಂದದ್ದು?"

"ಅದೂ ಹಾಡೇ." ಅಳು ಒತ್ತಿ ಬಂತು. "ನಂಗೆ ಕೊರಿಯನ್ ಬರಲ್ಲಪ್ಪ. ಆ ಹಾಡು ಕೇಳಿದ್ರೆ ಇಷ್ಟ, ಅಷ್ಟೇ. ಎಂಟು ವರ್ಷದಿಂದ ತುಂಬಾ ಇಷ್ಟ." ಅವಮಾನಕ್ಕಿಂತ ಹೆಚ್ಚಾಗಿ, ಇನ್ನು ಆ ಭಾಷೆ ನನಗೆ ಯಾವತ್ತೂ ಸಿಗುವುದಿಲ್ಲವಲ್ಲ ಎಂಬ ಸಂಕಟಕ್ಕೆ ಅತ್ತೆ.

ಅಪ್ಪ ಬೆಲ್ಲದ ಅಚ್ಚುಗಳನ್ನು ಜೋಡಿಸಿಟ್ಟ. "ಬತ್ತದೆ ಅಂದಿದ್ಕೆ ಬೇಡ ಅಂದೆ" ಎಂದ. "ಬರಕ್ಕಿಲ್ಲ ಅಂದ್ಮೇಲೆ ಕಲೀಲೇಬೇಕಲ್ಲವ್ವ. ನಡಿ, ಮೈಸೂರಿಗೆ ಸೇರುಸ್ತೀನಿ."

ಮುಂದಿನ ವಾರ ಮೈಸೂರಿನ ಆ ಕಚೇರಿಯಲ್ಲಿ ಅರ್ಜಿ ತುಂಬುತ್ತಿದ್ದೆ. ಕೊರಿಯನ್ ಭಾಷೆಯ ಪರಿಚಯ ಎಂಬ ಸಾಲಿನ ಮುಂದೆ ಮೂರು ಚೌಕ: ಚೆನ್ನಾಗಿದೆ, ಸ್ವಲ್ಪ ಇದೆ, ಇಲ್ಲ. ನನ್ನ ಪೆನ್ನು ಆಸೆಯಿಂದ ಸ್ವಲ್ಪದ ಮೇಲೆ ಸುಳಿದಾಡುತ್ತಿತ್ತು. ಹೆಗಲ ಹಿಂದಿನಿಂದ ಅಪ್ಪ ಇಣುಕಿದ. ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಹೇಳಿದ.

"ಇಲ್ಲ ಅನ್ನೋದ್ಕೆ ಗೀಟಾಕವ್ವ. ಊರೇ ನೋಡ್ಬುಟ್ಟದೆ."

ಹಾಕಿದೆ.